ಕಸಬರಿಗೆ ಮುಟ್ಟದ ಬೆಳಗು

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಒಣಹಾಕುವ ಸಿಮೆಂಟ್ ಕಣದಲ್ಲಿ ಬೆಳಗಿನ ಎರಡು ತಾಸು ಚಕ್ರದ ಬೂಟುಗಳದೇ ದರ್ಬಾರು. ರಾಜ್ಯಮಟ್ಟದ ಹುಡುಗಿಯರ ನಡುವೆ, ಬರೀ ಖುಷಿಗಾಗಿ ಸ್ಕೇಟಿಂಗ್ ಕಲಿಯುತ್ತಿದ್ದ ನಲವತ್ತೊಂದರ ಕಸ್ತೂರೆವ್ವ ಒಂದು ಮೂಲೆಯಲ್ಲಿ ಸುತ್ತುತ್ತಿದ್ದಳು. ಕಣದಲ್ಲಿ ಉಳಿದ ಮೆಣಸಿನ ಬೀಜ ಗುಡಿಸುವ ಕೆಲಸವನ್ನು ಹಾವೇರಿಯಿಂದ ಬರುತ್ತಿದ್ದ ಚಾಂಪಿಯನ್ ಸುಶ್ಮಿತಾ ಅವಳ ತಲೆಗೇ ಕಟ್ಟಿದ್ದಳು.

"ಅಕ್ಕಾರ, ನಿಮಗ ಬೂಟಿಗಿಂತ ಕಸಬರಿಗೀನ ಚಲೋ ಒಪ್ಪತೈತಿ," ಎಂದು ಎಲ್ಲರೆದುರು ನಕ್ಕಿದ್ದಳು. ಆ ನಗು ಕಸ್ತೂರೆವ್ವನ ಹೊಟ್ಟೆಯೊಳಗೆ ಎರಡು ವರ್ಷ ಉರಿಯುತ್ತಲೇ ಇತ್ತು.

೨೦೦೬ರಲ್ಲಿ ಸ್ಕೇಟಿಂಗ್ ತಂಡದ ಆಯ್ಕೆ ಸಮಿತಿಯವರು ಬಂದು ಕುಳಿತ ದಿನ ಕಸ್ತೂರೆವ್ವ ಕಸಬರಿಗೆ ಮುಟ್ಟಲೇ ಇಲ್ಲ. ನೆಲ ನೋಡುವ ರೂಢಿಯೇ ಇಲ್ಲದ ಸುಶ್ಮಿತಾ ರಭಸದಿಂದ ಬಂದು ಗಿರ್ರನೆ ತಿರುಗಿದಳು. ಚಕ್ರಕ್ಕೆ ಬೀಜ ಸಿಕ್ಕು, ಸಮಿತಿಯವರ ಕಾಲ ಬುಡದಲ್ಲೇ ಬಿದ್ದಳು. ಮೆಣಸಿನ ಖಾರ ಹತ್ತಿದ ಈ ಕಣ ಮುಟ್ಟಿದ ಕೈಯನ್ನು ಬ್ಯಾಡಗಿಯವರು ಯಾರೂ ಕಣ್ಣಿಗೆ ಒಯ್ಯುವುದಿಲ್ಲ. ಸುಶ್ಮಿತಾ ಎರಡೂ ಅಂಗೈಯಿಂದ ಕಣ್ಣೀರು ಒರೆಸಿಕೊಂಡಳು.

"ಅಯ್ಯೋ ಉರಿ! ಇವತ್ಯಾಕ ಕಸಾ ಹೊಡದಿಲ್ಲ?" ಎಂದು ಚೀರಿದಳು.

ಯಾವ ಮೂಲೆಯಲ್ಲಿ ಬೀಜ ಕೂಡುತ್ತದೆಂದು ಬಲ್ಲ ಕಸ್ತೂರೆವ್ವ ಅವನ್ನೆಲ್ಲ ತಪ್ಪಿಸಿ ಕಣದ ತುಂಬ ಒಂದು ಸುತ್ತು ಹಾಕಿದಳು. ಆಮೇಲೆ ಕಸಬರಿಗೆಯನ್ನು ತಂದು ಸುಶ್ಮಿತಾಳ ಮಡಿಲಲ್ಲಿಟ್ಟಳು.

"ಇವತ್ತ ನಾ ಆಡಾಕ ಬಂದೇನವಾ. ಹಿಡಿ, ನಿನಗೂ ಚಲೋ ಒಪ್ಪತೈತಿ."