ಭೀಮಕ್ಕನ ಅರವತ್ತೆರಡು

ಭೀಮಕ್ಕನಿಗೆ ಊರಲ್ಲಿ ಎರಡು ಹೆಸರು. ಒಂದು ಹೆತ್ತವರು ಇಟ್ಟದ್ದು, ಇನ್ನೊಂದು ಯಂಕೋಬ ಮಾಸ್ತರರು ದಯಪಾಲಿಸಿದ್ದು. ಆ ಎರಡನೆಯ ಹೆಸರು ಅರವತ್ತೆರಡು.

ಎಪ್ಪತ್ತೆರಡನೇ ಇಸವಿಯಲ್ಲಿ ಯಲಬುರ್ಗಾ ತಾಲೂಕಿನ ಆ ಊರಿನ ಶಾಲೆಗೆ ಈ ಮಾಸ್ತರರು ಬಂದಿದ್ದರು. ಮನಶ್ಶಾಸ್ತ್ರ ಓದಿಕೊಂಡವರು. ಮಕ್ಕಳ ಬುದ್ಧಿ ಅಳೆಯುತ್ತೇನೆಂದು ಪೆಟ್ಟಿಗೆಯಲ್ಲಿ ಹದಿನಾರು ಮರದ ತುಂಡು ತಂದಿದ್ದರು, ಮುಖಕ್ಕೊಂದು ಬಣ್ಣ. ಕಾಗದದ ಮೇಲಿನ ಚಿತ್ತಾರ ನೋಡಿ ತುಂಡುಗಳನ್ನು ಹಾಗೇ ಜೋಡಿಸಬೇಕು, ಅದೂ ಗಡಿಯಾರದ ಮುಂದೆ. ಒಂದು ತುಂಡು ತಪ್ಪಿದರೂ ಆ ಚಿತ್ತಾರಕ್ಕೆ ಸೊನ್ನೆ. ನಾಲ್ಕನೇ ಇಯತ್ತೆಯ ನಲವತ್ತು ಮಕ್ಕಳು ಕೂತರು. ಅವರಲ್ಲಿ ಹನ್ನೊಂದು ಜನ ಹುಡುಗಿಯರು. ಹನ್ನೊಂದೂ ಮಂದಬುದ್ಧಿ ಎಂದು ಮಾಸ್ತರರು ಎಲ್ಲರೆದುರು ಓದಿ ಹೇಳಿದರು. ನೂರು ಬಂದರೆ ಸಾಧಾರಣ, ಎಪ್ಪತ್ತರ ಕೆಳಗಿನವರು ದಡ್ಡರು. ಭೀಮಕ್ಕನಿಗೆ ಬಂದದ್ದು ಅರವತ್ತೆರಡು.

ಗಂಗಾವತಿಯ ವಸತಿ ಶಾಲೆಗೆ ಹೋಗಬೇಕಿದ್ದ ಹುಡುಗಿ ಆಕೆ. ವಾರದೊಳಗೆ ಅಪ್ಪ ಲಕ್ಷ್ಮಣಪ್ಪ ಪಾಟಿಚೀಲ ಕಸಿದುಕೊಂಡು, “ದಡ್ಡಿಗೆ ಸಾಲಿ ಯಾಕ ಬೇಕು?” ಎಂದು ಕಳೆ ತೆಗೆಯಲು ಅಟ್ಟಿದ. ಓಣಿಯ ಹುಡುಗರು “ಏ ಅರವತ್ತೆರಡು” ಎಂದು ಕೂಗಿದರು. ಹೆಣ್ಣು ನೋಡಲು ಬಂದ ಅಳವಂಡಿಯವರು ಆ ಹೆಸರಿನ ಕಥೆ ಕೇಳಿ, ಚಹಾ ಮಾತ್ರ ಕುಡಿದು ಎದ್ದುಹೋದರು. ಭೀಮಕ್ಕ ಮನೆಯಲ್ಲೇ ಉಳಿದು, ಹಳೆ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿದಳು.

ಆ ಊರಿನ ಹೆಂಗಸರು ಕೌದಿ ಹೊಲಿಯುವಾಗ ಎಡಗಡೆ ಕೆಳಮೂಲೆಯ ಒಂದು ತುಂಡನ್ನು ಬೇಕೆಂದೇ ತಿರುವಿ ಹಚ್ಚುತ್ತಾರೆ. ಪೂರಾ ಚಂದವಾದದ್ದಕ್ಕೆ ದೃಷ್ಟಿ ತಾಗುತ್ತದಂತೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಒಂದು ಮಧ್ಯಾಹ್ನ ಮೂಲೆಯ ತುಂಡನ್ನು ತಿರುಗಿಸುತ್ತಿದ್ದ ಭೀಮಕ್ಕನ ಕೈ ಗಕ್ಕನೆ ನಿಂತಿತು. ಅವತ್ತು ಮಾಸ್ತರರ ಮುಂದೆಯೂ ಕೈ ಮೂಲೆಯ ಮರದ ತುಂಡನ್ನು ಹೀಗೇ ತಿರುವಿಟ್ಟಿತ್ತು. ಹನ್ನೊಂದು ಹುಡುಗಿಯರೂ ಅವ್ವಂದಿರ ಪಕ್ಕ ಕೂತು ಕೌದಿ ಕಲಿತವರೇ. ಹುಡುಗರು ಸೂಜಿ ಹಿಡಿದವರಲ್ಲ, ಪಾಸಾದರು. ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿಟ್ಟು ಆಕೆ ಸಿಟ್ಟಿನಿಂದ ಗಳಗಳ ಅತ್ತಳು. ಅಂದಿನಿಂದ ಆ ಮನುಷ್ಯ ಒಮ್ಮೆ ಕೈಗೆ ಸಿಗಲಿ ಎಂದು ಕಾಯ್ದಳು.

ಎಂಬತ್ತಾರರಲ್ಲಿ ಸಿಕ್ಕ. ಊರ ಶಾಲೆಯ ಹೆಡ್‌ಮಾಸ್ತರರಿಗೆ ಯಂಕೋಬ ಮಾಸ್ತರರ ಕಾರ್ಡು ಬಂದಿತ್ತು: ಅದೇ ಮಕ್ಕಳನ್ನು ಮತ್ತೆ ಪರೀಕ್ಷಿಸಬೇಕು, ತಮ್ಮ ಡಾಕ್ಟರೇಟು ಅದರ ಮೇಲೆ ನಿಂತಿದೆ. ಬುದ್ಧಿ ಹುಟ್ಟಿನಿಂದ ಬಂದದ್ದು, ಸಾಯುವವರೆಗೂ ಕದಲುವುದಿಲ್ಲ ಎಂಬುದು ಮಾಸ್ತರರ ಸಿದ್ಧಾಂತ. ಭೀಮಕ್ಕನಿಗೆ ಹಬ್ಬವೇ ಬಂದಂತಾಯಿತು. ಕುಷ್ಟಗಿ, ಕನಕಗಿರಿ ಎಂದು ಬಸ್ಸು ಹತ್ತಿ ಇಳಿದು, ಮದುವೆಯಾಗಿ ಚದುರಿದ್ದ ಹತ್ತೂ ಗೆಳತಿಯರನ್ನು ಕರೆತಂದಳು. “ಈ ಸಲ ದೃಷ್ಟಿಗಂತ ತುಂಡು ತಿರುವಬ್ಯಾಡ್ರೇ, ಅಷ್ಟ ಸಾಕು” ಎಂದಳು.

ಮೊದಲು ಕೂತವಳು ತಾನೇ. ತಲೆ ಬೋಳಾಗಿದ್ದ ಮಾಸ್ತರರು ಹಳೆಯ ಪಟ್ಟಿ ನೋಡಿ, “ಲಕ್ಷ್ಮಣಪ್ಪನ ಮಗಳು ಭೀಮಕ್ಕ, ಅರವತ್ತೆರಡು” ಎಂದು ಜೋರಾಗಿಯೇ ಓದಿದರು. ಕಿಟಕಿಯಲ್ಲಿ ಇಣುಕುತ್ತಿದ್ದವರು ಕಿಸಕ್ಕನೆ ನಕ್ಕರು. ಭೀಮಕ್ಕ ತುಂಡುಗಳನ್ನು ಹತ್ತಿರ ಎಳೆದುಕೊಂಡಳು. ಹತ್ತು ಚಿತ್ತಾರ, ಹತ್ತನ್ನೂ ಗಡಿಯಾರ ಬಾಯಿ ಬಿಡುವ ಮೊದಲೇ ಜೋಡಿಸಿಟ್ಟಳು.

“ಯಾರರೆ ಹೇಳಿಕೊಟ್ಟಾರೇನು?” ಎಂದರು ಮಾಸ್ತರರು.

“ನಮ್ಮವ್ವ. ಕೌದಿ ಹೊಲಿಯೂದು.” ಮೂಲೆಯ ತುಂಡಿನ ಸಂಗತಿಯನ್ನು ಆಕೆ ಬಿಡಿಸಿ ಹೇಳಿದಳು. “ಹಳೀ ಹಾಳಿ ತಗೀರಿ. ಹನ್ನೊಂದೂ ನೋಡ್ರಿ.”

ಮಾಸ್ತರರು ಒಂದೊಂದಾಗಿ ತಿರುವಿದರು. ಪ್ರತಿ ಹಾಳೆಯಲ್ಲೂ ಅದೇ ಎಡ ಕೆಳಮೂಲೆಗೆ ಅವರದೇ ಕೆಂಪು ಗುರುತು. ಮುಖ ಬಿಳಿಚಿಕೊಂಡಿತು. ಎದ್ದು ಹೋಗಿ ಬಾಗಿಲು, ಕಿಟಕಿ ಎರಡನ್ನೂ ಮುಚ್ಚಿ ಬಂದು ಪಿಸುಗುಟ್ಟಿದರು.

“ಹದಿನಾಲ್ಕು ವರ್ಷದ ಕೆಲಸ ಐತಿ ತಂಗಿ. ಒಂದ ಒಂದು ತುಂಡು ತಿರುವಿಡು. ಆವತ್ತು ಇಟ್ಟಂಗ. ಕೈ ಮುಗೀತೀನಿ.”

ನಿಜವಾಗಿಯೂ ಮುಗಿದರು. ಭೀಮಕ್ಕನಿಗೆ ಒಂದು ಗಳಿಗೆ ಅಯ್ಯೋ ಅನಿಸಿತು, ಸುಳ್ಳೇಕೆ.

“ಆವತ್ತ ನಾನೂ ಕೈ ಮುಗಿದಿದ್ನಿರಿ, ಇನ್ನೊಂದು ಸಲ ಮಾಡ್ತೀನಿ ಅಂತ. ನೀವು ಪೆಟಿಗಿ ಮುಚ್ಚಿದ್ರಿ.” ಎದ್ದು ಬಾಗಿಲು ತೆರೆದಳು. “ಎಲ್ಲಾರೂ ಒಳಗ ಬರ್ರಿ. ಮಾಸ್ತರು ನಂಬರ ಓದ್ತಾರ.”

ಮಾಸ್ತರರು ಓದಿದರು. ಭೀಮಕ್ಕನಿಗೆ ನೂರಾ ಇಪ್ಪತ್ತಾರು. ಆಮೇಲೆ ಹುಲಗಮ್ಮ, ಹಂಪವ್ವ, ಮಾರೆವ್ವ, ಹೀಗೆ ಗೆಳತಿಯರು ಒಬ್ಬೊಬ್ಬರಾಗಿ ಕೂತು ತುಂಡು ಜೋಡಿಸಿ ನೂರು ದಾಟುತ್ತ ಹೋದರು. ಮಾಸ್ತರರ ದನಿ ಇಳಿಯುತ್ತ ಬಂತು, ಭೀಮಕ್ಕ ಪ್ರತಿ ಸಲ “ಜೋರಾಗಿ ಓದ್ರಿ” ಎಂದಳು. ಆಕೆಯ ಹೊಟ್ಟೆ ತಣ್ಣಗಾಗುತ್ತಿತ್ತು.

ಕೊನೆಗೆ ಉಳಿದವಳು ಕನಕಗಿರಿಗೆ ಕೊಟ್ಟಿದ್ದ ಕರಿಯವ್ವ. ನಾಲ್ಕನೇ ಇಯತ್ತೆಯಲ್ಲಿ ಎಲ್ಲರಿಗಿಂತ ಮೊದಲು ಮಗ್ಗಿ ಒಪ್ಪಿಸುತ್ತಿದ್ದವಳು. ಈಗ ತುಂಡುಗಳನ್ನು ಮುಟ್ಟಲೂ ಇಲ್ಲ.

“ನನಗ ಬರಂಗಿಲ್ಲವ್ವ. ನಾ ಮೊದಲಿಂದ ದಡ್ಡಿ ಅದೀನಿ.”

“ಮಾಡು ಕರಿ, ಕೌದಿ ಹೊಲಿದಂಗ ಐತಿ.”

“ನನ್ನ ಕೈಲಿ ಮನ್ಯಾಗ ಕೌದೀನೂ ಹೊಲಸಂಗಿಲ್ಲ. ಕೆಡಸ್ತೀನಿ ಅಂತಾರ.”

ಗಡಿಯಾರ ಓಡಿ ಮುಗಿಯಿತು. ಒಂದೂ ಜೋಡಿಸದವರಿಗೆ ಸಿಗುವ ಕನಿಷ್ಠ ಅಂಕ ಬರೆಯಲು ಮಾಸ್ತರರ ಪೆನ್ಸಿಲು ಆ ದಿನ ಮೊದಲ ಬಾರಿ ಚುರುಕಾಗಿ ಓಡಿತು. “ಐವತ್ತೆಂಟು. ನೋಡು ಭೀಮಕ್ಕ, ಈಕೀದು ಆವತ್ತಿಂದ ಇವತ್ತಿನತನಕ ಕದಲಿಲ್ಲ” ಎಂದರು. ದನಿಯಲ್ಲಿ ಖುಷಿ ಇತ್ತು.

ಭೀಮಕ್ಕನ ಮೈ ಉರಿದುಹೋಯಿತು. ಹಾಳೆಯನ್ನು ಅಂಗೈಯಿಂದ ಒತ್ತಿ ಹಿಡಿದಳು. “ಅದರ ಕೆಳಗ ನಾ ಹೇಳಿದಂಗ ಬರೀರಿ. ಕರಿಯವ್ವ ಹುಟ್ಟಿದ್ದು ಶಾಣ್ಯಾಕಿ ಆಗಿ. ಆಕೀನ್ನ ದಡ್ಡಿ ಮಾಡಿದಾಂವ ನಾನು, ಯಂಕೋಬ. ಸಹಿ ಹಾಕ್ರಿ.”

ಬಾಗಿಲಿಗೆ ಅಡ್ಡವಾಗಿ ಒಂಬತ್ತು ಹೆಂಗಸರು ನಿಂತಿದ್ದರು. ಮಾಸ್ತರರು ಬರೆದರು, ಸಹಿ ಹಾಕಿದರು. ಭೀಮಕ್ಕ ಅವರನ್ನು ಎಬ್ಬಿಸಿ ಕರಿಯವ್ವನ ಎದುರು ನಿಲ್ಲಿಸಿ ಅದನ್ನು ಓದಿಸಿದಳು.

ಕರಿಯವ್ವ ಸೆರಗು ಸರಿಪಡಿಸಿಕೊಂಡು ಭೀಮಕ್ಕನ ಕೈ ಹಿಡಿದು ಎಳೆದಳು. “ಪಾಪ, ಅವರ್ನ್ಯಾಕ ಕಾಡ್ತಿ ಬಿಡವ್ವ. ಮಾಸ್ತರು ಆವತ್ತ ಖರೇ ಹೇಳಿದ್ರು.”

ಯಲಬುರ್ಗಾ ಬಸ್ಸಿನ ಹಾರ್ನ್ ಕೇಳಿ ಮಾಸ್ತರರು ಪೆಟ್ಟಿಗೆಗೆ ಕೈ ಹಾಕಿದರು. ಭೀಮಕ್ಕ ಅದನ್ನು ಕಾಲಿನಿಂದ ಆಚೆ ಸರಿಸಿದಳು.

“ಇನ್ನೊಮ್ಮೆ ಓದ್ರಿ” ಎಂದಳು. “ಈಕಿ ನಂಬೂತನಕ ಓದ್ರಿ.”