ಗಡ್ಡ ಕೊನೆಗೆ ಬರುತ್ತದೆ

ಕಿಟಕಿಯ ಪಕ್ಕದ ಕನ್ನಡಿಯ ಮುಂದೆ ಹೆಂಡತಿ ಗದ್ದ ಮೇಲೆತ್ತಿ ನಿಂತಿದ್ದಳು. ಬೆಳಕು ಕತ್ತಿನ ಮೇಲೆ ಬೀಳುವ ಹಾಗೆ ಮುಖವನ್ನು ತುಸು ಎಡಕ್ಕೆ ತಿರುಗಿಸಿ, ನಾಲಿಗೆಯಿಂದ ಕೆನ್ನೆ ಉಬ್ಬಿಸಿಕೊಂಡು ನೋಡುತ್ತಿದ್ದಳು. ಬಚ್ಚಲಿನಿಂದ ಹೊರಗೆ ಬಂದ ಅವನು ಅಲ್ಲೇ ನಿಂತುಬಿಟ್ಟ. ಇಪ್ಪತ್ತಾರು ವರ್ಷದಿಂದ ಕಟಿಂಗ್ ಶಾಪ್ ನಡೆಸುತ್ತಿರುವವನಿಗೆ ಆ ಭಂಗಿ ಹೊಸದೇನಲ್ಲ. ದಿನಕ್ಕೆ ಇಪ್ಪತ್ತು ಗಂಡಸರು ಅವನ ಕುರ್ಚಿಯಲ್ಲಿ ಕೂತು ಹಾಗೇ ಮುಖ ಎತ್ತುತ್ತಾರೆ. ಹೆಂಗಸೊಬ್ಬಳು ಎತ್ತಿದ್ದನ್ನು ಮಾತ್ರ ಅವನು ಇದೇ ಮೊದಲು ನೋಡಿದ್ದು.

ಕನ್ನಡಿಯಲ್ಲಿ ಅವನು ಕಂಡದ್ದೇ ತಡ, ಅವಳು ಟವೆಲಿನಿಂದ ಗದ್ದ ಮುಚ್ಚಿಕೊಂಡಳು. ದಾರ ಕತ್ತರಿಸುವ ಪುಟ್ಟ ಕತ್ತರಿ ಕೈಯಲ್ಲಿತ್ತು. ಮೊಡವೆ ಎಂದಳು. ಐವತ್ತರ ಹತ್ತಿರ ಬಂದವಳಿಗೆ ಎಂಥ ಮೊಡವೆ ಎಂದು ಅವನು ಕೇಳಲಿಲ್ಲ. ತಾನು ಒಂದು ಕೇಳಿದರೆ ಅವಳೂ ಒಂದು ಕೇಳಿಯಾಳು ಎಂಬ ಅಳುಕು ಅವನಿಗೆ ವರ್ಷದಿಂದ ಇತ್ತು.

ಗೋಡೆಯ ಕಡೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತ. ಹಿಂದೆ ಬಾಟಲಿಯನ್ನು ಒತ್ತಿದ ಸದ್ದು ಎರಡು ಸಲ ಕೇಳಿಸಿತು. ತಣ್ಣಗಿನ ಔಷಧಿ, ಅದರ ಮೇಲೆ ಅವಳ ಬೆಚ್ಚನೆಯ ಅಂಗೈ, ಭುಜದಿಂದ ತೋಳಿಗೆ ಇಳಿದು ಮತ್ತೆ ಭುಜಕ್ಕೆ ಏರಿತು. ಅವನು ಕಣ್ಣು ಮುಚ್ಚಿದ. ಮೂರು ತಿಂಗಳಿಂದ ದಿನದಲ್ಲಿ ಅವನಿಗೆ ಬೇಕೆನಿಸುತ್ತಿದ್ದದ್ದು ಇದೊಂದೇ ಗಳಿಗೆ. ಇವತ್ತು ರಕ್ತಪರೀಕ್ಷೆಯ ಫಲಿತಾಂಶ ಬರುವುದಿತ್ತು. ಕಳೆದುಹೋದ ತಾನು ವಾಪಸ್ ಬರುತ್ತಿದ್ದೇನೆಯೋ ಇಲ್ಲವೋ ಎಂಬುದು ಮಧ್ಯಾಹ್ನದೊಳಗೆ ಗೊತ್ತಾಗಲಿತ್ತು.

ಮದುವೆಯಾದ ಹೊಸತರಲ್ಲಿ ಅವಳು ಅವನನ್ನು ಮುಳ್ಳುಹಂದಿ ಎಂದು ಕರೆಯುತ್ತಿದ್ದಳು. ಬೆಳಿಗ್ಗೆ ಎಷ್ಟೇ ನುಣ್ಣಗೆ ಹೆರೆದುಕೊಂಡರೂ ಸಂಜೆ ಹೊತ್ತಿಗೆ ಕೆನ್ನೆ ಚುಚ್ಚುತ್ತಿತ್ತು. ಅಂಥ ಗಡ್ಡ ಹೋಯಿತು. ಒಂದೇ ದಿನ ಹೋಗಲಿಲ್ಲ. ಬಾಡಿಗೆ ಮನೆ ಖಾಲಿ ಮಾಡುವವರು ಒಂದೊಂದೇ ಸಾಮಾನು ಸಾಗಿಸುವ ಹಾಗೆ ಮೊದಲು ಹೆಂಡತಿಯ ಮೇಲಿನ ಆಸೆ ಹೋಯಿತು, ಆಮೇಲೆ ಗಿರಾಕಿಗಳ ಹರಟೆಗೆ ನಗುವ ಮನಸ್ಸು, ಆಮೇಲೆ ತೋಳಿನ ಕಸುವು. ಎಲ್ಲಕ್ಕಿಂತ ಕೊನೆಗೆ ಗಡ್ಡ. ಆದರೂ ಅವನು ಪ್ರತಿದಿನ ಬೆಳಿಗ್ಗೆ ಈ ಕನ್ನಡಿಯ ಮುಂದೆ ನಿಂತು, ಕೆನ್ನೆಗೆ ನೊರೆ ಬಳಿದು, ಕತ್ತಿಯ ಬೆನ್ನಿನಿಂದ ಬರೀ ನೊರೆಯನ್ನು ತೆಗೆಯುತ್ತಿದ್ದ. ಗಡ್ಡ ತೆಗೆಯುವವನಿಗೇ ಗಡ್ಡವಿಲ್ಲ ಎಂದರೆ ಊರು ಸುಮ್ಮನಿರುತ್ತದೆಯೆ?

ಅಂಗಡಿಯಲ್ಲಿ ಎದುರುಬದುರು ಎರಡು ಕನ್ನಡಿಗಳಿದ್ದವು, ಅವನ ಅಪ್ಪ ಹಾಕಿಸಿದ್ದು. ಒಂದರೊಳಗೆ ಇನ್ನೊಂದು ಬಿದ್ದು, ಅವನಂಥವರೇ ಹತ್ತಾರು ಜನ ಸಾಲಾಗಿ ಹಿಂದಕ್ಕೆ ಹೋಗುತ್ತಿದ್ದರು. ಆ ಸಾಲಿನ ತುದಿಯಲ್ಲಿ, ಕಣ್ಣಿಗೆ ನಿಲುಕದ ಕಡೆ, ಗಡ್ಡವಿರುವ ಒಬ್ಬ ನಿಂತು ತನ್ನನ್ನೇ ನೋಡುತ್ತಿದ್ದಾನೆ ಎಂದು ಅವನಿಗೆ ಅನಿಸತೊಡಗಿತ್ತು. ಕೆಲವು ಸಲ ಅವನು ತಾನೇ, ಕೆಲವು ಸಲ ಅಪ್ಪ. ಅಪ್ಪ ತೀರಿಕೊಳ್ಳುವ ಹಿಂದಿನ ದಿನ ಅವನೇ ಆಸ್ಪತ್ರೆಯ ಮಂಚದ ಮೇಲೆಯೇ ಅಪ್ಪನ ಮುಖ ನುಣ್ಣಗೆ ಮಾಡಿಕೊಟ್ಟಿದ್ದ. ಮರುದಿನ ತಣ್ಣಗಾದ ಗದ್ದವನ್ನು ಮುಟ್ಟಿದಾಗ ಹೆಬ್ಬೆರಳಿಗೆ ಸಣ್ಣಗೆ ಚುಚ್ಚಿತ್ತು. ಸತ್ತವನಿಗಿದ್ದದ್ದು ಬದುಕಿರುವ ತನಗಿಲ್ಲವಲ್ಲ ಎಂಬ ಯೋಚನೆ ಒಮ್ಮೆ ಹೊಕ್ಕಿದ್ದು ಮತ್ತೆ ಹೊರಗೆ ಹೋಗಲೇ ಇಲ್ಲ.

ಕುರ್ಚಿಯ ಪಕ್ಕ ನಿಂತಲ್ಲೇ ತಲೆ ಸುತ್ತಿ ಕೂತ ದಿನ ಅವನು ಡಾಕ್ಟರ ಹತ್ತಿರ ಹೋದ. ಡಾಕ್ಟರು ಮಗಳ ವಯಸ್ಸಿನ ಹುಡುಗಿ. ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ತಳ ಕಂಡಿದೆ, ಅದನ್ನು ಹೊರಗಿನಿಂದ ಕೊಡಬಹುದು ಎಂದಳು. ಅವನು ತಲೆ ತಗ್ಗಿಸಿಕೊಂಡೇ ಎಷ್ಟು ದಿನಕ್ಕೆ ಸರಿಹೋಗುತ್ತದೆ ಎಂದು ಕೇಳಿದ. ಅವಳು ಬೆರಳು ಮಡಚುತ್ತಾ ಹೇಳಿದಳು: ಆಸೆ ಮೂರನೇ ವಾರಕ್ಕೆ ಕಣ್ಣು ಬಿಡಬಹುದು. ಮನಸ್ಸು ಹಗುರಾಗಲು ಒಂದೂವರೆ ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು. ಕಸುವು ಬರಲು ಮೂರು ನಾಲ್ಕು ತಿಂಗಳು. ಗಡ್ಡ ಎಲ್ಲಕ್ಕಿಂತ ಕೊನೆಗೆ. ಆರು ತಿಂಗಳಾದರೂ ಆದೀತು, ವರ್ಷವಾದರೂ ಆದೀತು. ಹೋದ ಕ್ರಮದಲ್ಲೇ ವಾಪಸ್ ಬರುತ್ತದೆ ಎಂದು ಅವನಿಗೆ ಕೇಳಿಸಿತು. ದಿನವೂ ಬೆಳಿಗ್ಗೆ ಬಾಟಲಿಯನ್ನು ಎರಡು ಸಲ ಒತ್ತಿ ಬಂದ ಔಷಧಿಯನ್ನು ಭುಜಕ್ಕೆ ತಾನೇ ಹಚ್ಚಿಕೊಂಡು ಕೈ ತೊಳೆಯಬೇಕು, ಮೇಲೆ ಅಂಗಿ ಹಾಕಬೇಕು, ಬೇರೆ ಯಾರ ಮೈಗೂ ಅದು ತಾಗಬಾರದು ಎಂದೂ ಹೇಳಿದಳು. ಅದೂ ಕೇಳಿಸಿತ್ತು. ಕೇಳಿಸಲಿಲ್ಲ ಎಂದು ಅವನು ಆಮೇಲೂ ಯಾರಿಗೂ ಹೇಳಲಿಲ್ಲ.

ಮನೆಗೆ ಬರುವ ಮೊದಲು ಬಾಟಲಿಯ ಲೇಬಲನ್ನು ಕತ್ತಿಯಿಂದ ನೀಟಾಗಿ ಹೆರೆದು ತೆಗೆದ. ಹೆಂಡತಿಗೆ ಭುಜನೋವಿನ ಔಷಧಿ ಎಂದ. ದಿನವಿಡೀ ಕೈ ಎತ್ತಿ ಕೆಲಸ ಮಾಡುವವರಿಗೆ ಭುಜನೋವು ಎಂದರೆ ನಂಬದವರಾರು? ನಾಲ್ಕನೇ ದಿನ ಅವಳು ಬಾಟಲಿ ಕಿತ್ತುಕೊಂಡಳು. ಊರವರ ತಲೆಯೆಲ್ಲ ನೀವು ತಿಕ್ಕುತ್ತೀರಿ, ನಿಮ್ಮ ಭುಜ ತಿಕ್ಕುವವರು ಯಾರು ಎಂದಳು. ಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ವರ್ಷದಿಂದ ಅವಳು ಮುಟ್ಟಿರಲಿಲ್ಲ, ಅವನೇ ಮುಟ್ಟಿಸಿಕೊಂಡಿರಲಿಲ್ಲ. ಹೆಂಡತಿ ಬೇರೆಯವಳೇನಲ್ಲವಲ್ಲ ಎಂದು ಡಾಕ್ಟರ ಮಾತನ್ನು ತನಗೆ ಬೇಕಾದ ಹಾಗೆ ತಿರುಗಿಸಿಕೊಂಡ.

ಆಮೇಲೆ ಕಾಯುವ ಕೆಲಸ. ಮೂರನೇ ವಾರ ಬಂತು, ಅವನೊಳಗೆ ಏನೂ ಅಲುಗಲಿಲ್ಲ. ಒಂದು ಬೆಳಗಿನ ಜಾವ ಅವಳ ಕೈ ಅವನ ಎದೆಯ ಮೇಲೆ ಬಂದು ಬಹಳ ಹೊತ್ತು ಇತ್ತು. ಅವನು ನಿದ್ದೆ ಬಂದವನ ಹಾಗೆ ಉಸಿರಾಡಿದ. ಏಳನೇ ವಾರ ಅವನು ಗಿರಾಕಿಯೊಬ್ಬನ ಮೇಲೆ ಸಿಡುಕಿ ಮನೆಗೆ ಬಂದಾಗ ಅವಳು ಹೊಲಿಗೆ ಮೆಷಿನ್ ತುಳಿಯುತ್ತಾ ಹಾಡಿಕೊಳ್ಳುತ್ತಿದ್ದಳು. ಮೊನ್ನೆ ಅದೇ ಮೆಷಿನನ್ನು ಒಬ್ಬಳೇ ಎತ್ತಿ ಕಿಟಕಿಯ ಹತ್ತಿರ ಇಟ್ಟಿದ್ದಳು.

ಇವತ್ತು ಡಾಕ್ಟರು ರಕ್ತಪರೀಕ್ಷೆಯ ಕಾಗದ ನೋಡಿ ಹುಬ್ಬು ಗಂಟಿಕ್ಕಿದಳು. ಅಂಕಿ ಇದ್ದಲ್ಲೇ ಇತ್ತು, ಕೂದಲೆಳೆಯಷ್ಟು ಮೇಲೆದ್ದಿರಬಹುದು, ಅಷ್ಟೆ. ದಿನವೂ ತಪ್ಪದೆ ಹಚ್ಚಿಕೊಳ್ಳುತ್ತಿದ್ದೀರಾ ಎಂದು ಕೇಳಿದಳು. ತಪ್ಪಿಲ್ಲ, ಹೆಂಡತಿ ಹಚ್ಚುತ್ತಾಳೆ ಎಂದ.

ಅವಳು ಪೆನ್ನು ಕೆಳಗಿಟ್ಟಳು. "ಬರಿಗೈಯಲ್ಲಾ?"

"ಹೂಂ ಮೇಡಂ."

"ಅವರ ಮುಖದಲ್ಲಿ ಏನಾದ್ರೂ ಬದಲಾವಣೆ ಕಂಡಿದ್ಯಾ? ಮೊಡವೆ, ಕೂದಲು?"

ಕಿಟಕಿಯ ಬೆಳಕು, ಎತ್ತಿದ ಗದ್ದ, ಪುಟ್ಟ ಕತ್ತರಿ ಕಣ್ಣ ಮುಂದೆ ಬಂದು ನಿಂತವು. ಅವುಗಳ ಹಿಂದೆಯೇ ಎದೆಯ ಮೇಲಿದ್ದ ಕೈ, ಹಾಡು, ಎತ್ತಿಟ್ಟ ಮೆಷಿನ್. ಮೂರನೇ ವಾರ, ಏಳನೇ ವಾರ, ಮೂರನೇ ತಿಂಗಳು. ಹೇಳಿದ ದಿನಕ್ಕೆ ಎಲ್ಲವೂ ಬಂದಿತ್ತು, ಗಡ್ಡವಂತೂ ಹೇಳಿದ್ದಕ್ಕೂ ಮೊದಲೇ, ಮನೆಯ ಬಾಗಿಲಿಗೇ ಬಂದಿತ್ತು. ಬಂದು ಅವಳೊಳಗೆ ಹೋಗಿತ್ತು.

ಡಾಕ್ಟರು ಬಯ್ಯಲಿಲ್ಲ, ಬಯ್ದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವರನ್ನು ನಾಳೆಯೇ ಕರೆದುಕೊಂಡು ಬನ್ನಿ ಎಂದಳು. ಅವರು ಔಷಧಿ ಮುಟ್ಟುವುದನ್ನು ಇವತ್ತೇ ನಿಲ್ಲಿಸಿದರೆ ಉಳಿದದ್ದೆಲ್ಲ ನಿಧಾನವಾಗಿ ಇಳಿಯುತ್ತದೆ, ಗದ್ದದ ಕೂದಲು ಮಾತ್ರ ಹೋದರೂ ಹೋಯಿತು, ಉಳಿದರೂ ಉಳಿಯಿತು. ನೀವು ಮತ್ತೆ ಒಂದನೇ ವಾರದಿಂದ ಎಣಿಸಿಕೊಳ್ಳಿ ಎಂದಳು.

ಅವನು ಅಂಗಡಿಗೆ ಹೋಗದೆ ನೇರ ಮನೆಗೆ ಬಂದ. ಹೆಂಡತಿ ಶಾಲೆಯ ಸಮವಸ್ತ್ರಗಳ ಕಾಲರ್ ಹೊಲಿಯುತ್ತಿದ್ದಳು. ಅವನು ನಿಂತುಕೊಂಡೇ ಎಲ್ಲವನ್ನೂ ಹೇಳಿದ: ಹಾರ್ಮೋನು, ಲೇಬಲ್ಲು, ಬೇರೆಯವರಿಗೆ ತಾಗಬಾರದು ಎಂದು ಡಾಕ್ಟರು ಹೇಳಿದ್ದು, ತಾನು ಸುಮ್ಮನಿದ್ದದ್ದು. ಹೇಳುವಾಗ ಅವಳ ಮುಖ ನೋಡಲಾಗದೆ ಮೆಷಿನ್ ಗಾಲಿಯನ್ನು ನೋಡುತ್ತಿದ್ದ. ಅದು ನಿಧಾನವಾಗಿ ತಿರುಗಿ ನಿಂತಿತು.

ಅವಳು ಹೊಲಿಯುತ್ತಿದ್ದ ಕಾಲರನ್ನು ಮಡಚಿ ಪಕ್ಕಕ್ಕಿಟ್ಟಳು.

"ಎರಡು ಸಲ ಒತ್ತುತ್ತಿದ್ದೆನಲ್ಲ," ಎಂದಳು ಕೊನೆಗೆ. "ಒಂದು ನಿಮಗೆ, ಇನ್ನೊಂದು ನನ್ನ ಮಂಡಿಗೆ. ಮೆಷಿನ್ ತುಳಿದು ತುಳಿದು ನೋಯ್ತಿತ್ತು. ನೋವಿನ ಔಷಧಿ ತಾನೇ ಅಂತ."

ನಿನ್ನ ಮೈಗೆ ಕೆಡುಕು ಮಾಡಿಬಿಟ್ಟೆ ಎಂದು ತಡವರಿಸಿದ.

"ಅದು ಹಾಳಾಗ್ಲಿ. ವರ್ಷದಿಂದ ನೀವು ಆ ಕಡೆ ತಿರುಗಿ ಮಲಗ್ತಿದ್ರಿ. ನಾನು ಮುದುಕಿ ಆದೆ, ಬೇಡವಾದೆ ಅಂತ ಎಷ್ಟು ಅತ್ತಿದೀನಿ ಗೊತ್ತಾ? ಈ ಗದ್ದ ನೋಡ್ಕೊಂಡ ಮೇಲಂತೂ, ಇನ್ನು ಮುಗೀತು ಅಂದ್ಕೊಂಡೆ." ಅವಳ ದನಿ ಒಡೆದಿತ್ತು, ಮೊದಲಿಗಿಂತ ತುಸು ದಪ್ಪಗಿತ್ತು. ಅದನ್ನೂ ಅವನು ಇವತ್ತೇ ಗಮನಿಸಿದ್ದು. "ಏನೋ ಆಗಿದೆ ಅಂತ ನಂಗೆ ಗೊತ್ತಿತ್ತು ರೀ. ಬೆಳಿಗ್ಗೆ ಹಾಸಿಗೇಲಿ ಮಲಗಿದ್ದಾಗ್ಲೇ ನಿಮ್ಮ ಕತ್ತಿ ಸದ್ದು ಕೇಳ್ತಿತ್ತು ಮೊದಲೆಲ್ಲ. ಆಮೇಲೆ ಅದು ನಿಂತೇ ಹೋಯ್ತು. ನೊರೆ ಹಚ್ಚೋದು ಕಾಣುತ್ತೆ, ಸದ್ದಿಲ್ಲ. ಯಾರೋ ಬೇರೆಯವರು ಮನೇಲಿ ಓಡಾಡ್ತಿದಾರೇನೋ ಅಂತ ಭಯ ಆಗ್ತಿತ್ತು."

ಭಯ ತನಗೊಬ್ಬನಿಗೇ ಎಂದು ಅವನು ತಿಳಿದಿದ್ದ.

ಅವಳು ಎದ್ದು ಕಿಟಕಿಯ ಪಕ್ಕಕ್ಕೆ ಕುರ್ಚಿ ಎಳೆದು, ಕನ್ನಡಿಗೆ ಎದುರಾಗಿ ಕೂತಳು. ಟವೆಲನ್ನು ತಾನೇ ಕೊರಳಿಗೆ ಸುತ್ತಿಕೊಂಡಳು. ಕತ್ತರಿಯಲ್ಲಿ ಸರಿಯಾಗಿ ಬರುವುದಿಲ್ಲ, ತೆಗೆದುಕೊಡಿ ಎಂದಳು. ಹೆಂಗಸರಿಗೆ ದಾರದಿಂದ ತೆಗೆಯಬೇಕು ಎಂದು ಅವನು ಹೇಳಿ ನೋಡಿದ. ಅವಳು ಕನ್ನಡಿಯೊಳಗಿಂದಲೇ ಅವನನ್ನು ನೋಡಿದಳು.

"ಕತ್ತಿ ತಗೊಳ್ಳಿ."

ಅವನು ಹೊಸ ಬ್ಲೇಡು ಹಾಕಿದ. ಬ್ರಶ್ಶು ನೆನೆಸಿ ನೊರೆ ಎಬ್ಬಿಸಿದ. ಅದಕ್ಕೂ ಮೊದಲು, ಯಾವ ಗಿರಾಕಿಗಾದರೂ ಮಾಡುವ ಹಾಗೆ, ಹೆಬ್ಬೆರಳನ್ನು ಅವಳ ಗದ್ದದ ಮೇಲೆ ಕೆಳಗಿನಿಂದ ಮೇಲಕ್ಕೆ ಎಳೆದು ನೋಡಿದ. ಸಣ್ಣಗೆ ಚುಚ್ಚಿತು. ಕೈ ಅಲ್ಲೇ ನಿಂತಿತು.

"ಮುಳ್ಳುಹಂದಿ," ಎಂದಳು ಅವಳು ಮೆಲ್ಲಗೆ.

ನೊರೆ ಹಚ್ಚಿದ. ಎಡಗೈಯಿಂದ ಚರ್ಮ ಬಿಗಿ ಹಿಡಿದು, ಕತ್ತಿಯನ್ನು ಓರೆಯಾಗಿ ಇಟ್ಟ. ಬೀದಿಯಲ್ಲಿ ಯಾವುದೋ ಗಾಡಿ ಹಾದುಹೋಯಿತು. ಅದರ ಸದ್ದು ಪೂರ್ತಿ ಅಡಗುವ ತನಕ ಅವನು ಕಾದ. ಆಮೇಲೆ ಬೆರಳಗಲದಷ್ಟು ಕೆಳಗೆ ಎಳೆದ.

ಕರ್ರ್ ಎಂದಿತು.

ಅವಳು ಕಣ್ಣು ಮುಚ್ಚಿ ಗದ್ದವನ್ನು ಇನ್ನಷ್ಟು ಮೇಲೆತ್ತಿದಳು. ಅವನು ಬ್ಲೇಡಿನ ಮೇಲಿನ ನೊರೆಯನ್ನು ಒರೆಸಿ, ಮತ್ತೆ ಅಲ್ಲಿಗೇ ಇಟ್ಟು, ಮೊದಲಿಗಿಂತ ನಿಧಾನವಾಗಿ ಎಳೆದ.