ಅಜ್ಜಿಯ ಉರ್ತಿ ಮರ

"...ಕೋಲೂ ಇಲ್ದೆ ನಡೀತಿದಾಳಂತೆ ಕಣೇ. ಊಟದ ಹೊತ್ತಿಗೆ ಅಜ್ಜಿ ಮನೇಲಿರ್ತಾಳೆ." ಅಣ್ಣ ರೆಜ್ಜಿ ಫೋನನ್ನು ಜೇಬಿಗೆ ತುರುಕಿದ. "ಯಾಕೆ, ಎಮು ಒದ್ದಂಗೆ ನಿಂತ್ಬಿಟ್ಟೆ?"

ಮಾರ್ಲೀ ಅಂಗಳದ ಕಡೆ ನೋಡಿದಳು. ಸೊಂಟ ಮುರಿದುಕೊಂಡು ಪಟ್ಟಣದ ಆಸ್ಪತ್ರೆ ಸೇರಿದ್ದ ಎಲ್ಮಾ ಅಜ್ಜಿ ಬರಲು ಇನ್ನೂ ಮೂರು ವಾರ ಇದೆ ಎಂದುಕೊಂಡಿದ್ದಳು. ಅಷ್ಟರಲ್ಲಿ ಉರ್ತಿ ಮರ ಚಿಗುರೀತು ಎಂಬ ಆಸೆ.

ಉರ್ತಿ ಗಂಧದ ವಂಶದ್ದು, ಎಮು ತಿನ್ನುವ ಹಣ್ಣು ಬಿಡುವ ಆಸ್ಟ್ರೇಲಿಯಾದ ಮರ. ಇದರ ಬೀಜವನ್ನು ತಾತ ಸಾಯುವ ವರ್ಷ ಎಮುವಿನ ಹಿಕ್ಕೆಯಿಂದ ಹೆಕ್ಕಿ ತಂದಿದ್ದ. ಈ ಸಲವೇ ಮೊದಲ ಕೆಂಪು ಹಣ್ಣು ಬಿಡಬೇಕಿತ್ತು. ಈಗ ಎಲೆಯೆಲ್ಲ ಹಳದಿ, ಕಾಯಿಗಳು ಬುಡದಲ್ಲಿ ಉದುರಿ ಬಿದ್ದಿವೆ.

"ಬುಡದಲ್ಲಿದ್ದ ಬೂದು ಪೊದೆಗಳನ್ನೆಲ್ಲ ನಾನೇ ಕಿತ್ತೆ ಕಣೋ. ಅಜ್ಜಿ ಬರೋವಾಗ ಅಂಗಳ ಚೊಕ್ಕಟವಾಗಿರ್ಲಿ ಅಂತ."

"ಲೇ, ಉರ್ತಿ ಬೇರು ಪಕ್ಕದ ಗಿಡದ ರಸ ಕುಡಿದೇ ಬದುಕೋದು. ಕಾಲೇಜಲ್ಲಿ ಏನ್ ಕಲಿಸ್ತಾರೆ ನಿಂಗೆ?" ಆಮೇಲೆ ಅವನೇ ದನಿ ತಗ್ಗಿಸಿದ. "ಪೊದೆನೆಲ್ಲ ಕಾಡು ಮೇಕೆ ತಿಂತು ಅಂದ್ಬಿಡು."

ಮಧ್ಯಾಹ್ನ ಅಜ್ಜಿ ಕಾರಿನಿಂದ ಇಳಿದವಳು ಮನೆಯೊಳಗೆ ಹೋಗಲಿಲ್ಲ. ನೇರ ಮರದ ಹತ್ತಿರ ನಡೆದು, ಒಣ ಕಾಯೊಂದನ್ನು ಎತ್ತಿಕೊಳ್ಳಲು ಬಗ್ಗಿದಳು. ಸೊಂಟ ಬಾಗಲಿಲ್ಲ. ಮಾರ್ಲೀಯೇ ಎತ್ತಿ ಕೊಟ್ಟಳು.

"ನಂದೇ ತಪ್ಪು," ಎಂದಳು ಅಜ್ಜಿ. "ನಾನು ಇಲ್ಲೇ ಇದ್ದಿದ್ರೆ ಹಿಂಗಾಗ್ತಿರ್ಲಿಲ್ಲ. ನಿಮ್ ತಾತಂಗೆ ಏನಂತ ಹೇಳ್ಲಿ?"

ಮೇಕೆಯ ಸುಳ್ಳು ಮಾರ್ಲೀಯ ನಾಲಿಗೆಯ ತುದಿಯಲ್ಲೇ ಇತ್ತು. ಅಜ್ಜಿ ತನ್ನನ್ನೇ ಬೈದುಕೊಳ್ಳುವುದನ್ನು ಕೇಳಿ ಅದು ಒಳಗೇ ಇಳಿಯಿತು.

"ಅಜ್ಜಿ, ಪೊದೆ ಕಿತ್ತಿದ್ದು ನಾನು. ಒಂದೂ ಬಿಡ್ಲಿಲ್ಲ."

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಹಳದಿ ಎಲೆಯೊಂದನ್ನು ಬೆರಳಲ್ಲಿ ಹೊಸಕಿದಳು.

"ಎಳೇ ಪೊದೆ ನಾಲ್ಕು ತಂದು ಬುಡದಲ್ಲಿ ನೆಡು, ಇವತ್ತೇ. ಮರ ಉಳಿಯುತ್ತೋ ಇಲ್ವೋ, ನಂಗೊತ್ತಿಲ್ಲ."

"ಹ್ಞೂಂ ಅಜ್ಜಿ."

"ಬೇರೆ ಬೀಜಾನೂ ಬೇಕು. ಎಮು ನೀರಿಗೆ ಬರೋ ಹಳ್ಳ ಗೊತ್ತಲ್ಲ? ರೆಜ್ಜಿ ಕಾರು ತರ್ಲಿ. ಹಿಕ್ಕೆ ಎಲ್ಲೆಲ್ಲಿದೆ ಅಂತ ನಾನು ತೋರಿಸ್ತೀನಿ, ಬಗ್ಗೋಳು ನೀನು."

"ಕೈಗವಸು ಹಾಕ್ಕೊಂಡ್ ಬರ್ಲಾ?"

"ಪೊದೆ ಕೀಳೋವಾಗ ಹಾಕ್ಕೊಂಡಿದ್ಯಾ? ಬರಿಗೈಲಿ ಬಾ. ನಾಳೆ ಬೆಳಗ್ಗೆ ಆರು ಗಂಟೆಗೆ, ಇಲ್ಲೇ ಮರದ ಹತ್ರ."